ಮೂತ್ರ ಪರೀಕ್ಷೆ: ಶೀಶೆಯೊಳಗಿನ ಸಾಕ್ಷಿ

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹತ್ತು ಪಥಕ್ಕೆ ಹಿಗ್ಗಿಸುವಾಗ ಕಾಮಗಾರಿಯನ್ನು ಎರಡು ಪಾಲು ಮಾಡಿದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ. ಬೆಂಗಳೂರು–ನಿಡಘಟ್ಟ ಒಂದು ಪಾಲು, ನಿಡಘಟ್ಟ–ಮೈಸೂರು ಇನ್ನೊಂದು. ಹಾಗಾಗಿ ಊರೊಳಗೆ ಕಾಲಿಡದವರಿಗೂ ಅದರ ಹೆಸರು ಗೊತ್ತು. ಈ ಒಂದೇ ರಸ್ತೆಯ ಉದ್ದಕ್ಕೆ ಮೂತ್ರ ಪರೀಕ್ಷೆಯ ಇಡೀ ಲೋಕವೇ ಹರಡಿಕೊಂಡಿದೆ. ಮದ್ದೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಿಣಿಯರ ಶೀಶೆಗಳು ಸಾಲಾಗಿ ನಿಲ್ಲುತ್ತವೆ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ಜನ ಮಿಮ್ಸ್ ಎನ್ನುವ ದೊಡ್ಡಾಸ್ಪತ್ರೆಗೆ, ಕಿಡ್ನಿ ಕಾಯಿಲೆಯವರೂ ವಿಷ ಕುಡಿದವರೂ ಬರುತ್ತಾರೆ. ಬೆಂಗಳೂರಿನ ಮಡಿವಾಳ ಮತ್ತು ಮೈಸೂರಿನ ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ ಮೊಹರು ಹಾಕಿದ ಮಾದರಿಗಳು ಹೋಗುತ್ತವೆ. ಒಂದು ಕಡೆ ಆರೋಗ್ಯ, ಒಂದು ಕಡೆ ವಿಜ್ಞಾನ, ಇನ್ನೊಂದು ಕಡೆ ಕಾನೂನು. ಮೂರಕ್ಕೂ ಸಾಕ್ಷಿ ಹೇಳುವುದು ನಾವು ದಿನಕ್ಕೆ ಐದಾರು ಸಲ ಹೊರಚೆಲ್ಲುವ ದ್ರವವೇ.

ನಮ್ಮ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ವಾಪಸ್ ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕುತ್ತವೆ. ಅದರಲ್ಲಿ ನೂರಕ್ಕೆ 95 ಪಾಲು ನೀರು. ಉಳಿದದ್ದರಲ್ಲಿ ಯೂರಿಯಾ, ಉಪ್ಪು, ಹಾರ್ಮೋನುಗಳ ಚೂರು, ತಿಂದ ಮಾತ್ರೆಯ ಪಳೆಯುಳಿಕೆ ಇರುತ್ತವೆ. ದೇಹ ಏನನ್ನು ಉಳಿಸಿಕೊಳ್ಳಲಾರದೆ ಬಿಟ್ಟಿತು, ಏನನ್ನು ಬೇಡವೆಂದು ತಳ್ಳಿತು ಎಂಬುದರ ಲೆಕ್ಕ ಅಲ್ಲಿದೆ. ಸೂಜಿ ಚುಚ್ಚದೆ, ನೋವು ಕೊಡದೆ ಆ ಲೆಕ್ಕ ಸಿಗುತ್ತದೆ ಎಂಬುದೇ ಈ ಪರೀಕ್ಷೆಯ ದೊಡ್ಡ ಗುಣ.

ಒಂದು ಪಟ್ಟಿ, ಹತ್ತು ಚೌಕ

ಲ್ಯಾಬಿನ ಮೇಜಿನ ಮೇಲೆ ಮುಚ್ಚಳ ಬಿಗಿದ ಡಬ್ಬಿಯೊಂದು ಇರುತ್ತದೆ. ಅದರೊಳಗಿನ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಸಾಮಾನ್ಯವಾಗಿ ಹತ್ತು ಪುಟ್ಟ ಚೌಕಗಳು. ಒಂದೊಂದು ಚೌಕಕ್ಕೂ ಒಂದೊಂದು ರಾಸಾಯನಿಕವನ್ನು ಊಡಿಸಿ ಒಣಗಿಸಿರುತ್ತಾರೆ. ಸಕ್ಕರೆಯ ಚೌಕದಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಅದು ಗ್ಲೂಕೋಸನ್ನು ಮಾತ್ರ ಹಿಡಿಯುತ್ತದೆ, ಬೇರೆ ಸಕ್ಕರೆಯ ತಂಟೆಗೆ ಹೋಗುವುದಿಲ್ಲ. ಪ್ರೋಟೀನಿನ ಚೌಕ ಹಳದಿ ಬಣ್ಣದ್ದು. ಆಲ್ಬುಮಿನ್ ತಗುಲಿದರೆ ಹಸಿರಾಗುತ್ತಾ ಹೋಗುತ್ತದೆ. ನೈಟ್ರೈಟಿನ ಚೌಕ ಗುಲಾಬಿಯಾದರೆ ಮೂತ್ರನಾಳದಲ್ಲಿ ಸೋಂಕು ಇರಬಹುದು. ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಮಾಡಲು ಕೆಲವು ಗಂಟೆ ಬೇಕು. ಬೆಳಗಿನ ಮೊದಲ ಮೂತ್ರವನ್ನೇ ತನ್ನಿ ಎನ್ನುವುದಕ್ಕೆ ಇದೊಂದು ಕಾರಣ.

ಟೆಕ್ನಿಷಿಯನ್ ಪಟ್ಟಿಯನ್ನು ಅದ್ದಿ, ಅಂಚನ್ನು ಶೀಶೆಯ ಬಾಯಿಗೆ ಒರೆಸಿ, ಗಡಿಯಾರ ನೋಡುತ್ತಾರೆ. ಸಕ್ಕರೆಗೆ 30 ಸೆಕೆಂಡು, ಪ್ರೋಟೀನಿಗೆ 60. ಅದಕ್ಕಿಂತ ಬೇಗ ಓದಿದರೂ ತಪ್ಪು, ತಡವಾಗಿ ಓದಿದರೂ ತಪ್ಪು. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೆ ಚೌಕಗಳು ಕೆಡುತ್ತವೆ. ರೋಗಿ ವಿಟಮಿನ್ ಸಿ ಮಾತ್ರೆ ಹೆಚ್ಚಾಗಿ ನುಂಗಿದ್ದರೆ ಸಕ್ಕರೆ, ರಕ್ತ ಇದ್ದರೂ ಇಲ್ಲವೆಂದು ತೋರಬಹುದು. ಮಾದರಿ ಕೊಡುವಾಗ "ಮೊದ್ಲು ಬರೋದ್ನ ಬುಟ್ಟು, ಆಮೇಕೆ ಬರೋದ್ನ ಹಿಡ್ಕೊಂಡ್ ಬಾರವ್ವ" ಎಂದು ಹೇಳಿ ಕಳಿಸುವುದೂ ಈ ಕಸುಬಿನ ಭಾಗವೇ. ಮೊದಲ ಧಾರೆಯಲ್ಲಿ ಚರ್ಮದ ಮೇಲಿನ ಕೊಳೆ, ಬ್ಯಾಕ್ಟೀರಿಯಾ ತೊಳೆದು ಬಂದಿರುತ್ತವೆ. ನಡುವಿನ ಧಾರೆಯೇ ಒಳಗಿನ ನಿಜ ಹೇಳುವುದು.

ಈ ಪಟ್ಟಿ ಬರುವ ಮುಂಚೆ ಎಲ್ಲವೂ ಬೆಂಕಿಯ ಮೇಲಿನ ಕೆಲಸ. ಪ್ರನಾಳದಲ್ಲಿ ಐದು ಮಿಲಿಲೀಟರ್ ನೀಲಿ ಬೆನೆಡಿಕ್ಟ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಆಮೇಲೆ ಕುದಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಕೆಂಪು. ಆಲ್ಬುಮಿನ್ ನೋಡಲು ಪ್ರನಾಳದ ಮೇಲ್ಭಾಗವನ್ನು ಮಾತ್ರ ಕಾಯಿಸಿ, ಒಂದೆರಡು ಹನಿ ಅಸಿಟಿಕ್ ಆಮ್ಲ ಬಿಡುತ್ತಿದ್ದರು. ಬಿಳಿಯಾಗಿ ಹೆಪ್ಪುಗಟ್ಟಿದ್ದು ಕರಗದೆ ಉಳಿದರೆ ಆಲ್ಬುಮಿನ್ ಇದೆ ಎಂದರ್ಥ. ಇಂದಿಗೂ ವಿಜ್ಞಾನದ ಮಕ್ಕಳು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿಯುವುದು ಇದನ್ನೇ.

ತಾಯಿ ಕಾರ್ಡಿನ ಎರಡು ಅಕ್ಷರ

ನಿಡಘಟ್ಟದಂಥ ಊರಿನಲ್ಲಿ ಮೂತ್ರ ಪರೀಕ್ಷೆ ಅತಿ ಹೆಚ್ಚು ಉಪಕಾರ ಮಾಡುವುದು ಬಸುರಿ ಹೆಂಗಸರಿಗೆ. ಮುಟ್ಟು ನಿಂತಾಗ ಆಶಾ ಕಾರ್ಯಕರ್ತೆ ಕೊಡುವ 'ನಿಶ್ಚಯ್' ಕಿಟ್ ಮೂತ್ರದಲ್ಲಿ ಎಚ್‌ಸಿಜಿ ಹಾರ್ಮೋನನ್ನು ಹುಡುಕುತ್ತದೆ. ಐದು ನಿಮಿಷದಲ್ಲಿ ಗೆರೆ ಮೂಡುತ್ತದೆ. ಇದೇ ಹಾರ್ಮೋನನ್ನು ಕಂಡುಹಿಡಿಯಲು 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಅಶ್‌ಹೈಮ್ ಮತ್ತು ಝೋಂಡೆಕ್ ಹೆಣ್ಣಿಲಿಗಳಿಗೆ ಮೂತ್ರವನ್ನು ಚುಚ್ಚಿ, ದಿನಗಟ್ಟಲೆ ಕಾದು, ಅವುಗಳ ಹೊಟ್ಟೆ ಕೊಯ್ದು ಅಂಡಾಶಯ ನೋಡಬೇಕಿತ್ತು.

ಆಮೇಲೆ ಪ್ರತಿ ತಪಾಸಣೆಯಲ್ಲೂ ತಾಯಿ ಕಾರ್ಡಿನಲ್ಲಿ ಮೂತ್ರದ ಆಲ್ಬುಮಿನ್, ಸಕ್ಕರೆಯನ್ನು ಬರೆಯುತ್ತಾರೆ. 20 ವಾರ ದಾಟಿದ ಮೇಲೆ ರಕ್ತದೊತ್ತಡ 140/90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನೂ ಕಂಡರೆ ಅದು ಪ್ರೀಎಕ್ಲಾಂಪ್ಸಿಯಾ. ಬಸುರಿಗೆ ಫಿಟ್ಸ್ ತರಿಸಿ ತಾಯಿ–ಮಗು ಇಬ್ಬರನ್ನೂ ಕೊಲ್ಲಬಲ್ಲ ಸ್ಥಿತಿ. ಕಾಲು ಊದುವುದು ಬಸುರಿನಲ್ಲಿ ಸಾಮಾನ್ಯ ಎಂದು ಮನೆಯಲ್ಲಿ ಸುಮ್ಮನಿರುವ ಹೊತ್ತಿಗೆ ಅಪಾಯವನ್ನು ಮೊದಲು ಹೇಳುವುದು ಹಸಿರಾದ ಆ ಚೌಕ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ಉಚಿತ. 'ನಿಲ್' ಎಂದು ಬರೆದಿದ್ದರೂ ಮುಂದಿನ ಸಲ ಮತ್ತೆ ಮಾಡಿಸಲೇಬೇಕು. ಕಳೆದ ತಿಂಗಳಿನ 'ನಿಲ್' ಈ ತಿಂಗಳಿಗೆ ಭರವಸೆ ಕೊಡುವುದಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಮೂತ್ರದ ಮಾತು ಸ್ವಲ್ಪ ಬೇರೆ. ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವ ತನಕ ಮೂತ್ರಕ್ಕೆ ಬರುವುದೇ ಇಲ್ಲ. ಅದಕ್ಕೇ ಕಾಯಿಲೆಯನ್ನು ಹಿಡಿಯಲು ರಕ್ತ ಪರೀಕ್ಷೆಯೇ ಬೇಕು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತಿನ್ನುವವರ ಮೂತ್ರದಲ್ಲಿ ಸಕ್ಕರೆ ಕಂಡೇ ಕಾಣುತ್ತದೆ, ಏಕೆಂದರೆ ಆ ಔಷಧಿಯ ಕೆಲಸವೇ ಸಕ್ಕರೆಯನ್ನು ಮೂತ್ರಕ್ಕೆ ತಳ್ಳುವುದು. ಇವರು ವರ್ಷಕ್ಕೊಮ್ಮೆ ತಪ್ಪದೆ ಕೇಳಿ ಮಾಡಿಸಬೇಕಾದದ್ದು ಮೈಕ್ರೋಆಲ್ಬುಮಿನ್ ಪರೀಕ್ಷೆ. ಮೂತ್ರಪಿಂಡ ಹಾಳಾಗುತ್ತಿರುವುದನ್ನು ಅದು ರೋಗಿಗೆ ಏನೂ ಅನ್ನಿಸದ ಕಾಲದಲ್ಲೇ ತಿಳಿಸುತ್ತದೆ. ಆ ಹಂತದಲ್ಲಿ ಹಾನಿಯನ್ನು ತಡೆಯಲು ಔಷಧಿಗಳಿವೆ. ತಡವಾದರೆ ಉಳಿಯುವುದು ಡಯಾಲಿಸಿಸ್.

ಕೊಟ್ಟಿಗೆಯಲ್ಲಿ ನೇರಳೆ ಉಂಗುರ

ಮದ್ದೂರು ಸೀಮೆಯಲ್ಲಿ ಕಬ್ಬು, ರೇಷ್ಮೆಯಷ್ಟೇ ಮನೆ ನಡೆಸುವುದು ಹಾಲು. ಮಂಡ್ಯ ಹಾಲು ಒಕ್ಕೂಟದ ಡೇರಿ ಇರುವುದೂ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹೆಚ್ಚು ಹಾಲು ಕೊಡುವ ಸೀಮೆಹಸು ಕರು ಹಾಕಿದ ಮೊದಲ ವಾರಗಳಲ್ಲಿ ತಿನ್ನುವುದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿಗೆ ಸುರಿಯುತ್ತದೆ. ಆಗ ಮೈಯ ಕೊಬ್ಬು ಕರಗಿ ಕೀಟೋನುಗಳು ತುಂಬಿಕೊಳ್ಳುತ್ತವೆ. ಹಿಂಡಿ ಮುಟ್ಟುವುದಿಲ್ಲ, ಹಾಲು ಇಳಿಯುತ್ತದೆ, ಮೈ ಸೊರಗುತ್ತದೆ. ಪಶುವೈದ್ಯರು ಇದನ್ನು ಕೀಟೋಸಿಸ್ ಎನ್ನುತ್ತಾರೆ.

ಖಚಿತಪಡಿಸಿಕೊಳ್ಳಲು ರೊತೆರಾ ಪರೀಕ್ಷೆ ಇದೆ. ಗಂಜಲಕ್ಕೆ ಕರಗುವಷ್ಟೂ ಅಮೋನಿಯಂ ಸಲ್ಫೇಟ್ ಹಾಕಿ, ಸೋಡಿಯಂ ನೈಟ್ರೋಪ್ರುಸೈಡಿನ ಹರಳು ಬೆರೆಸಿ, ಪ್ರನಾಳದ ಗೋಡೆಗುಂಟ ಅಮೋನಿಯಾ ದ್ರವವನ್ನು ಮೆಲ್ಲಗೆ ಇಳಿಸಿದರೆ, ಎರಡೂ ಸೇರುವ ಜಾಗದಲ್ಲಿ ನೇರಳೆ ಉಂಗುರ ಕಟ್ಟುತ್ತದೆ. ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಮಾಡಬಹುದಾದ ಪರೀಕ್ಷೆ. ಉಂಗುರ ಕಂಡ ದಿನವೇ ಗ್ಲೂಕೋಸ್ ಏರಿಸಿದರೆ ಹಸು ಚೇತರಿಸಿಕೊಳ್ಳುತ್ತದೆ. ಸಾಲ ಮಾಡಿ ಹಸು ತಂದ ಮನೆಗೆ ಆ ಬಣ್ಣದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಇರುವೆಯಿಂದ ಕಿಣ್ವದವರೆಗೆ

ನಮ್ಮ ಆಯುರ್ವೇದ ಸಂಹಿತೆಗಳು ಮೂತ್ರದ ಕಾಯಿಲೆಗಳನ್ನು 20 ಬಗೆಯ ಪ್ರಮೇಹವೆಂದು ವಿಂಗಡಿಸಿದ್ದವು. ಸಿಹಿ ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಗುರುತಿಸಿದ್ದವು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಬತ್ತಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. 1828ರಲ್ಲಿ ರಸಾಯನಶಾಸ್ತ್ರಜ್ಞ ವೋಹ್ಲರ್ ಯೂರಿಯಾವನ್ನು ಪ್ರಯೋಗಾಲಯದಲ್ಲೇ ತಯಾರಿಸಿದಾಗ, ಜೀವಿಯ ಮೈಯಲ್ಲಿ ಆಗುವುದು ಹೊರಗೂ ಆಗಬಲ್ಲದು ಎಂಬ ಅರಿವು ರಸಾಯನಶಾಸ್ತ್ರದ ದಾರಿಯನ್ನೇ ತಿರುಗಿಸಿತು. 1925ರಲ್ಲಿ ಹಾರ್ವರ್ಡಿನಲ್ಲಿದ್ದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್, ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತ, ಮೂತ್ರದಲ್ಲಿನ ರಂಜಕವನ್ನು ಬಣ್ಣದಿಂದ ಅಳೆಯುವ ವಿಧಾನ ಕೊಟ್ಟರು. ಇಂದಿಗೂ ಅದಕ್ಕೆ ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಹೆಸರು. 1956ರಲ್ಲಿ ಅಮೆರಿಕದ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿ ಅದ್ದಿ ನೋಡುವ ಪಟ್ಟಿಯನ್ನು ತಂದ ಮೇಲೆ ಪರೀಕ್ಷೆ ಬೆಂಕಿಯಿಂದ ಬಿಡಿಸಿಕೊಂಡು ಹಳ್ಳಿಯವರೆಗೆ ನಡೆಯಿತು.

ಒಬ್ಬರದಲ್ಲ, ಇಡೀ ಊರಿನ ಆರೋಗ್ಯವನ್ನೂ ಮೂತ್ರದಿಂದ ಅಳೆಯುತ್ತಾರೆ. ಶಾಲಾ ಮಕ್ಕಳ ಮೂತ್ರದಲ್ಲಿ ಅಯೋಡಿನ್ ನಡುಮಟ್ಟ ಲೀಟರಿಗೆ 100 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಆ ಪ್ರದೇಶದ ಜನರಿಗೆ ಅಯೋಡಿನ್ ಸಾಲುತ್ತಿಲ್ಲ ಎಂದರ್ಥ. ಗಳಗಂಡ ಕಾಣಿಸಿಕೊಳ್ಳುವ ಮೊದಲೇ ಇದು ಗೊತ್ತಾಗುತ್ತದೆ.

ಕಟಕಟೆಗೆ ಬಂದಾಗ

ಕಳೆನಾಶಕ ಪ್ಯಾರಾಕ್ವಾಟ್ ಕುಡಿದವರು ಮೊದಲ ದಿನ ಮಾತಾಡುತ್ತಾ ಓಡಾಡುತ್ತಾ ಇರಬಹುದು. ಮನೆಯವರು ಗಂಡಾಂತರ ಕಳೆಯಿತು ಎಂದುಕೊಳ್ಳುತ್ತಾರೆ. ಅವರ ಮೂತ್ರಕ್ಕೆ ಕ್ಷಾರ ಬೆರೆಸಿದ ಸೋಡಿಯಂ ಡೈಥಯೊನೈಟ್ ಹಾಕಿದರೆ ನೀಲಿಯಾಗುತ್ತದೆ. ನೀಲಿ ಕಡುವಾದಷ್ಟೂ ವಿಷ ಹೆಚ್ಚು. ವೈದ್ಯರಿಗೆ ಅದು ಚಿಕಿತ್ಸೆಯ ದಾರಿ. ವಿಷದ ಪ್ರಕರಣಗಳೆಲ್ಲ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಮೆಡಿಕೊ–ಲೀಗಲ್ ಕೇಸ್, ಆಗುವುದರಿಂದ, ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವ ಮಾದರಿ ಪೊಲೀಸರಿಗೆ ಪುರಾವೆ.

ಹೆದ್ದಾರಿಯಲ್ಲಿ ಕುಡಿದು ಓಡಿಸುವವರನ್ನು ಹಿಡಿಯಲು ಮಾತ್ರ ಮೂತ್ರ ಒದಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೊಹಾಲಿನ ಮಿತಿ ಇಟ್ಟಿದೆ. ಮೂತ್ರಕೋಶದಲ್ಲಿ ತುಂಬಿರುವುದು ಹಲವು ಗಂಟೆಗಳ ಹಿಂದಿನದು. ಸ್ಟಿಯರಿಂಗ್ ಹಿಡಿದ ಆ ಹೊತ್ತಿನ ಅಮಲನ್ನು ಉಸಿರೋ ರಕ್ತವೋ ಹೇಳಬೇಕು.

ಮಾದಕ ವಸ್ತುಗಳ ವಿಷಯದಲ್ಲಿ ಇದೇ ಗುಣ ಉಪಯೋಗಕ್ಕೆ ಬರುತ್ತದೆ, ಅಷ್ಟೇ ಎಚ್ಚರವನ್ನೂ ಕೇಳುತ್ತದೆ. ಗಾಂಜಾದ ಕುರುಹು ಸೇದಿ ದಿನಗಳಾದ ಮೇಲೂ, ನಿತ್ಯ ಸೇದುವವರಲ್ಲಿ ವಾರಗಳ ತನಕವೂ, ಮೂತ್ರದಲ್ಲಿ ಉಳಿಯುತ್ತದೆ. ಯಾವ ದಿನ, ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಠಾಣೆಯಲ್ಲೋ ಆಸ್ಪತ್ರೆಯಲ್ಲೋ ಮಾಡುವ ಕಿಟ್ ಪರೀಕ್ಷೆ ಮೊದಲ ಜರಡಿ ಮಾತ್ರ. ನಮ್ಮ ಹಬ್ಬದೂಟದ ಗಸಗಸೆ ಪಾಯಸವನ್ನೇ ನೋಡಿ. ಗಸಗಸೆ ಬೀಜದಲ್ಲಿ ಮಾರ್ಫಿನ್, ಕೊಡೀನಿನ ಲವಲೇಶ ಇರಬಲ್ಲದು. ಹೊಟ್ಟೆ ತುಂಬ ಪಾಯಸ ಕುಡಿದವರ ಮೂತ್ರ ಅಫೀಮಿನ ಕಿಟ್‌ನಲ್ಲಿ ಪಾಸಿಟಿವ್ ಬಂದರೆ ಆಶ್ಚರ್ಯವಿಲ್ಲ. ಗಸಗಸೆಯಿಂದ ಇಂಥ ಎಡವಟ್ಟು ಆಗುತ್ತಿದ್ದುದರಿಂದಲೇ ಅಮೆರಿಕ 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿತು. ಹೀಗಾಗಿ ಕಿಟ್ ಪಾಸಿಟಿವ್ ಬಂದ ಪ್ರತಿ ಮಾದರಿಯನ್ನೂ ಗ್ಯಾಸ್ ಕ್ರೊಮಟೊಗ್ರಫಿ–ಮಾಸ್ ಸ್ಪೆಕ್ಟ್ರೊಮೆಟ್ರಿಯಂಥ ಯಂತ್ರದಲ್ಲಿ ಇನ್ನೊಮ್ಮೆ ನೋಡಿಯೇ ಮಾತಾಡಬೇಕು. ಅದಕ್ಕೂ ಮುಂಚೆ ಹೆಸರು, ಫೋಟೊ ಟಿವಿಯಲ್ಲಿ ಬಿತ್ತರಿಸುವುದು ಅನ್ಯಾಯ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಲ್ಲೇ ವ್ಯಸನಿಗೆ ಶಿಕ್ಷೆಯ ಬದಲು ಚಿಕಿತ್ಸೆಯ ದಾರಿ ತೆರೆಯುವ ಸೆಕ್ಷನ್‌ಗಳಿವೆ ಎಂಬುದನ್ನೂ ಮರೆಯಬಾರದು.

ಕ್ರೀಡೆಯಲ್ಲಿ ನಿಯಮ ಇನ್ನೂ ಕಠಿಣ. ಆಟಗಾರರು ಅಧಿಕಾರಿಯ ಕಣ್ಣೆದುರೇ ಕನಿಷ್ಠ 90 ಮಿಲಿಲೀಟರ್ ಕೊಡಬೇಕು. ಅದನ್ನು 'ಎ' ಮತ್ತು 'ಬಿ' ಶೀಶೆಗಳಿಗೆ ಹಂಚಿ, ಸಂಖ್ಯೆ ಬರೆದು, ಆಟಗಾರರ ಎದುರೇ ಮೊಹರು ಮಾಡುತ್ತಾರೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಕಾಮನ್‌ವೆಲ್ತ್ ರಿಲೇಯಲ್ಲೂ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ ಗೆದ್ದವರು. 2011ರಲ್ಲಿ ಅವರ ಮಾದರಿಯಲ್ಲಿ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಕೊಡಿಸಿದ ಜಿನ್ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತೆಂದು ಅವರು ವಾದಿಸಿದರು. ಇಲ್ಲಿ ಕೊಟ್ಟಿದ್ದ ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2012ರಲ್ಲಿ ಎರಡಕ್ಕೆ ಏರಿಸಿತು. ಮೈಯೊಳಗೆ ಹೋದದ್ದಕ್ಕೆಲ್ಲ ಆಟಗಾರರೇ ಹೊಣೆ ಎಂಬುದು ಅಲ್ಲಿನ ಸೂತ್ರ. ಪುಡಿ, ಪೂರಕ ಎಂದು ಯಾರೋ ಕೊಟ್ಟದ್ದನ್ನು ನುಂಗುವ ಹಳ್ಳಿಯ ಕಬಡ್ಡಿ, ಕುಸ್ತಿ ಹುಡುಗರಿಗೂ ಇದು ತಿಳಿದಿರಬೇಕು.

ಆಸ್ಪತ್ರೆಯಾಗಲಿ ನ್ಯಾಯಾಲಯವಾಗಲಿ, ಈ ಪರೀಕ್ಷೆಯ ಬಲ ನಿಂತಿರುವುದು ಒಂದೇ ಶಿಸ್ತಿನ ಮೇಲೆ: ಶೀಶೆಗೆ ಸರಿಯಾದ ಹೆಸರು, ಸರಿಯಾದ ಹೊತ್ತು, ಕೆಡದ ರಾಸಾಯನಿಕ, ಅನುಮಾನ ಬಂದರೆ ಎರಡನೇ ಪರೀಕ್ಷೆ. ಅಗ್ಗದ ಪರೀಕ್ಷೆ ಎಂದು ಇದನ್ನು ಹಗುರವಾಗಿ ಕಾಣುವುದು ಬೇಡ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಖಾಲಿ ಬೀಳದಂತೆ, ಪಟ್ಟಿಯ ಡಬ್ಬಿ ಅವಧಿ ಮೀರದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ವರದಿಯಲ್ಲಿ ಬರೆದದ್ದು ಏನೆಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸ. ಮನೆಯಲ್ಲಿ ಬಸುರಿಯಿದ್ದರೆ ಈ ತಿಂಗಳ ಆಲ್ಬುಮಿನ್ ಎಷ್ಟು ಬಂತೆಂದು ಇವತ್ತೇ ತಾಯಿ ಕಾರ್ಡ್ ತೆರೆದು ನೋಡಿ. ಬರೆದಿಲ್ಲವಾದರೆ ನಾಳೆಯೇ ಕರೆದುಕೊಂಡು ಹೋಗಿ.