ಮಾಣಿಕ್ಯಕ್ಕಿರುವ ದೋಷ

ಬೇಲೂರು, ಹಳೇಬೀಡು ಎಂದೊಡನೆ ಬಳಪದ ಕಲ್ಲಿನ ಶಿಲ್ಪಗಳು ನೆನಪಾಗುವುದು ಸಹಜವಾದರೂ, ಅರಸೀಕೆರೆಯ ಕಡೆಯಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಚಾಚಿರುವ, 300 ಕೋಟಿ ವರ್ಷಗಳಿಗೂ ಹಳೆಯದಾದ ನುಗ್ಗೇಹಳ್ಳಿ ಶಿಲಾಪಟ್ಟಿಯ ಕಪ್ಪು ಕಲ್ಲಿನ ಕಥೆಯೂ ಸ್ವಾರಸ್ಯದ್ದೇ. ಈ ಪಟ್ಟಿಯ ಬೈರಾಪುರದಲ್ಲಿ ಸಿಗುವ ಕ್ರೋಮೈಟ್ ಅದಿರು ಕಬ್ಬಿಣ ಮತ್ತು ಕ್ರೋಮಿಯಂಗಳ ಆಕ್ಸೈಡ್, ಎಂದರೆ ಆ ಲೋಹಗಳು ಆಮ್ಲಜನಕದೊಡನೆ ಕೂಡಿ ಆದ ಸಂಯುಕ್ತ. ಇದೇ ಕ್ರೋಮಿಯಂ ಅಲ್ಯೂಮಿನಿಯಂ ಆಕ್ಸೈಡಿನ ಹರಳಿನೊಳಗೆ ಚೂರುಪಾರು ನುಸುಳಿದರೆ ಮಾಣಿಕ್ಯವಾಗುತ್ತದೆ.

ಸೂರ್ಯನಿಗೆ ಪ್ರಿಯವೆಂದು ನಂಬಿ, ದೋಷವಿಲ್ಲದ ಮಾಣಿಕ್ಯವನ್ನೇ ಹುಡುಕುವವರು ಗಮನಿಸಬೇಕಾದ ಸಂಗತಿಯೊಂದಿದೆ: ನಿಜಕ್ಕೂ ಶುದ್ಧವಾದ ಅಲ್ಯೂಮಿನಿಯಂ ಆಕ್ಸೈಡಿಗೆ ಬಣ್ಣವೇ ಇಲ್ಲ. ನೂರು ಅಲ್ಯೂಮಿನಿಯಂ ಅಯಾನುಗಳಲ್ಲಿ ಒಂದರ ಆಸುಪಾಸಿನಷ್ಟರ ಜಾಗವನ್ನು ಕ್ರೋಮಿಯಂ ಆಕ್ರಮಿಸಿದಾಗ ಮಾತ್ರ ಆ ಕೆಂಪು ಮೂಡುತ್ತದೆ. ಹೀಗೆ ಹರಳಿನೊಳಗೆ ಸೇರಿ ಅದರ ಗುಣವನ್ನೇ ಬದಲಿಸುವ ಹೊರಗಿನ ಧಾತುವಿಗೆ ವಿಜ್ಞಾನಿಗಳು ಡೋಪೆಂಟ್ ಎನ್ನುತ್ತಾರೆ.

ಇನ್ನೂ ಸೋಜಿಗವೆಂದರೆ, ಕ್ರೋಮಿಯಂ ತನ್ನದೇ ಆಕ್ಸೈಡಿನಲ್ಲಿದ್ದಾಗ ಹಸಿರಾಗಿರುತ್ತದೆ; ಬಣ್ಣದ ತಯಾರಿಕೆಯಲ್ಲಿ ಬಳಸುವ ಹಸಿರು ಪುಡಿ ಅದೇ. ಅಲ್ಯೂಮಿನಿಯಂ ಅಯಾನಿಗಿಂತ ಕ್ರೋಮಿಯಂ ಅಯಾನು ಸುಮಾರು ಶೇ. 15ರಷ್ಟು ದೊಡ್ಡದಾದ್ದರಿಂದ, ಮಾಣಿಕ್ಯದ ಇಕ್ಕಟ್ಟಿನ ಮನೆಯಲ್ಲಿ ಸುತ್ತಲಿನ ಆರು ಆಮ್ಲಜನಕಗಳು ಅದನ್ನು ಒತ್ತಿ ಹಿಡಿಯುತ್ತವೆ. ಆ ಒತ್ತಡಕ್ಕೆ ಅದರ ಎಲೆಕ್ಟ್ರಾನುಗಳು ಹೀರುವ ಬೆಳಕಿನ ಶಕ್ತಿ ಹೆಚ್ಚಾಗಿ, ನೇರಳೆ ಮತ್ತು ಹಳದಿ-ಹಸಿರು ಬೆಳಕು ಹರಳಿನಲ್ಲೇ ಉಳಿದು, ಕೆಂಪು ಹೊರಬರುತ್ತದೆ. ಸ್ವಂತ ಮನೆಯಲ್ಲಿ ಹಸಿರಾಗಿದ್ದವನು ಬಾಡಿಗೆ ಮನೆಯಲ್ಲಿ ಕೆಂಪಾದದ್ದು ಗ್ರಹಬಲದಿಂದಲ್ಲ, ಜಾಗದ ಅಭಾವದಿಂದ. ಹೀರಿದ ಶಕ್ತಿಯಲ್ಲಿ ಒಂದಂಶವನ್ನು ಮಾಣಿಕ್ಯ 694 ನ್ಯಾನೋಮೀಟರ್ ತರಂಗದ ಕೆಂಪು ಬೆಳಕಾಗಿ ಮರಳಿಸುತ್ತದೆ; 1960ರ ಮೇ 16ರಂದು ಥಿಯೋಡರ್ ಮೈಮನ್ ಬೆಳಗಿಸಿದ ಜಗತ್ತಿನ ಮೊದಲ ಲೇಸರಿಗೆ ಆಧಾರವಾದದ್ದು ಈ ಗುಣವೇ.

ದೋಷಕ್ಕೆ ಹೊರಗಿನ ಧಾತುವೇ ಬೇಕೆಂದೇನೂ ಇಲ್ಲ. ಬಿಳಿಯ ಸತುವಿನ ಆಕ್ಸೈಡನ್ನು ಕಾಯಿಸಿದರೆ ಒಂದಿಷ್ಟು ಆಮ್ಲಜನಕ ಹಾರಿಹೋಗಿ, ಹರಳಿನಲ್ಲಿ ಸತುವಿನ ಪಾಲು ಮಿಗಿಲಾಗಿ, ಬಿಡುಗಡೆಯಾದ ಎಲೆಕ್ಟ್ರಾನುಗಳಿಂದ ಪುಡಿ ಹಳದಿಯಾಗುತ್ತದೆ, ವಿದ್ಯುತ್ತನ್ನೂ ಹೆಚ್ಚು ಹರಿಸುತ್ತದೆ. ಗಾಳಿಯಲ್ಲಿ ಆರಿದಾಗ ಮತ್ತೆ ಬೆಳ್ಳಗಾಗುತ್ತದೆ. ಅದೇ ಪುಡಿಗೆ ಬಿಸ್ಮತ್ ಮುಂತಾದ ಧಾತುಗಳ ಆಕ್ಸೈಡ್ ಸೇರಿಸಿ ಸುಟ್ಟು ಮಾಡಿದ ಬಿಲ್ಲೆಗಳು ವಿದ್ಯುತ್ ಉಪಕೇಂದ್ರಗಳಲ್ಲಿ ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುತ್ತವೆ.

ಕುಲುಮೆಯಲ್ಲಿ ಮಾಡಿದ ಮಾಣಿಕ್ಯ ನಕಲಿ ಎಂಬ ಮಾತಿಗೂ ರಸಾಯನಶಾಸ್ತ್ರದಲ್ಲಿ ಆಧಾರವಿಲ್ಲ. ಫ್ರಾನ್ಸಿನ ಆಗಸ್ಟ್ ವೆರ್ನೇಯ್ 1902ರಲ್ಲಿ ಪ್ರಕಟಿಸಿದ ವಿಧಾನದಂತೆ, ಅಲ್ಯೂಮಿನಿಯಂ ಆಕ್ಸೈಡಿನ ಪುಡಿಗೆ ಬೇಕೆಂದೇ ಕ್ರೋಮಿಯಂ ಬೆರೆಸಿ ಜ್ವಾಲೆಯಲ್ಲಿ ಕರಗಿಸಿ ಬೆಳೆಸಿದ ಹರಳಿನಲ್ಲೂ ಅದೇ ಅಯಾನು, ಅದೇ ಇಕ್ಕಟ್ಟು, ಅದೇ ಕೆಂಪು. ಎಚ್‌ಎಂಟಿ ಜನತಾ ಗಡಿಯಾರದ ಮುಖದ ಮೇಲಿರುವ 17 ಜ್ಯುವೆಲ್ಸ್ ಎಂಬ ಬರಹ ಸೂಚಿಸುವುದು ಇಂಥ ಹರಳುಗಳನ್ನೇ. ಬೆರಳಿಗೊಂದು ಮಾಣಿಕ್ಯ ಕೊಳ್ಳಲು ಸಾಲ ಮಾಡಿದವರ ಮಣಿಕಟ್ಟಿನಲ್ಲಿ, ಸವೆಯದೆ ಚಕ್ರಗಳನ್ನು ಹೊತ್ತು, ಅವು ಮೊದಲಿನಿಂದಲೂ ಇದ್ದವು.