ಚಳಿಗೆ ಬಾಗಿಲು ಹಾಕೋ ಮೊದಲು ಮನಿ ಒಣಗಿಸ್ರಿ

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತಿಗೆ ಮುಗಿದ ಮೇಲೆ ಎಡೆ ಹೊಡೆಯೋತನಕ ಸ್ವಲ್ಪ ಬಿಡುವು ಸಿಗುತ್ತದೆ. ಶೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆವರೆಗಿನ ಈ ಒಂದು ತಿಂಗಳು ಮನೆ, ಕೊಟ್ಟಿಗೆ ಸರಿ ಮಾಡಿಕೊಳ್ಳಲು ಒಳ್ಳೆಯ ಸಮಯ. ನಮ್ಮಲ್ಲಿ ಹಿಮ ಬೀಳೋದಿಲ್ಲ, ಖರೆ. ಆದರೆ ಎರಿ ಬಯಲಿನಲ್ಲಿ ಗಾಳಿ ತಡೆಯೋ ಗಿಡ ಕಡಿಮೆ. ಡಿಸೆಂಬರ್ ಬಂತಂದ್ರೆ ನಸುಕಿನ ಮೂಡಗಾಳಿ ಸೀದಾ ಒಳಗೆ ನುಗ್ಗುತ್ತದೆ.

ಚಳಿ ಅಂದ ಕೂಡಲೇ ನಾವು ಮಾಡೋದು ಒಂದೇ, ಎಲ್ಲಾ ಕಿಂಡಿ ಮುಚ್ಚೋದು. ಅದು ಎರಡನೇ ಕೆಲಸ. ಮೊದಲು ಎಲ್ಲೆಲ್ಲಿ ಹಸಿ ಐತಿ ನೋಡ್ರಿ. ಹಸಿ ಗೋಡೆ ಒಣಗುವಾಗ ಕೋಣೆಯ ಕಾವನ್ನು ಎಳೆದುಕೊಳ್ಳುತ್ತದೆ, ಎಷ್ಟು ಬಾಗಿಲು ಹಾಕಿದರೂ ಥಂಡಿ ಹೋಗೋದಿಲ್ಲ.

ಮಣ್ಣಿನ ಮಾಳಿಗೆ ಇದ್ದವರು ಮೇಲಿನಿಂದಲೇ ಶುರು ಮಾಡಬೇಕು. ಮಳೆ ಬಂದಾಗ ಸೋರಿದ ಜಾಗದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಒಣಗಿದ ಮೇಲೆ ಜಾಗ ಗೊತ್ತಾಗೋದಿಲ್ಲ. ಮಟಮಟ ಮಧ್ಯಾಹ್ನ ಬಾಗಿಲು ಹಾಕಿ ಒಳಗೆ ನಿಂತು ನೋಡ್ರಿ, ಬೆಳಕು ಚುಕ್ಕಿಯಂತೆ ಕಂಡ ಕಡೆ ತೂತು ಐತಿ ಅಂತಲೇ ಅರ್ಥ. ಹಿರಿಯರು ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದದ್ದಕ್ಕೆ ಕಾರಣ ಇದೆ. ನೀರು ಬಿದ್ದೊಡನೆ ಅದು ಮೆತ್ತಗಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ, ಹುಲ್ಲೂ ಸುಲಭಕ್ಕೆ ಬೆಳೆಯೋದಿಲ್ಲ.

ಆದರೆ ವರ್ಷಾ ವರ್ಷಾ ಹಳೇ ಮಣ್ಣಿನ ಮೇಲೇ ಹೊಸ ಮಣ್ಣು ಸುರಿಯೋದು ದೊಡ್ಡ ತಪ್ಪು. ಲೆಕ್ಕ ಹಾಕಿ ನೋಡ್ರಿ. 12 ಅಡಿ ಅಗಲ, 15 ಅಡಿ ಉದ್ದದ ಕೋಣೆ ಮೇಲೆ 3 ಇಂಚು ಮಣ್ಣು ಹಾಕಿದರೆ ಒಣಗಿದಾಗಲೇ ಸುಮಾರು 2 ಟನ್ ತೂಕ. ನೆನೆದರೆ ಇನ್ನೂ ಜಾಸ್ತಿ. ಅಷ್ಟನ್ನೂ ಹೊರಬೇಕಾದ್ದು ಅಜ್ಜನ ಕಾಲದ ತೊಲೆ, ಜಂತಿ. ಅದಕ್ಕೇ ಮೊದಲು ಹಳೇ ಸಡಿಲ ಮಣ್ಣು ಕೆರೆದು ಇಳಿಸಿ, ಎಷ್ಟು ತೆಗೆದಿರೋ ಅಷ್ಟೇ ಹಾಕಿ, ದೋಣಿಯ ಕಡೆಗೆ ಇಳಿಜಾರು ಬಿಟ್ಟು ಬಡಿಯಿರಿ. ತೊಲೆಯನ್ನು ಸುತ್ತಿಗೆಯಿಂದ ಕುಟ್ಟಿ ನೋಡ್ರಿ. ಪೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬಹುದು. ಅಂಥ ತೊಲೆಗೆ ಊರೆಗಂಬ ಕೊಡದೆ ಮಾಳಿಗೆ ಹತ್ತಲೇಬೇಡಿ.

ಮಳೆಗಾಲ ಮುಗೀತು ಅಂತ ಮೈಮರೆಯಬಾರದು. 2009ರಲ್ಲಿ ಉತ್ತರ ಕರ್ನಾಟಕದ ತುಂಬಾ ಮಣ್ಣಿನ ಮನೆಗಳು ಕುಸಿದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರ್‌ನಲ್ಲೂ ನಮಗೆ ಮಳೆ ಬರಬಹುದು. ಮೇಘದೂತ್ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಮುನ್ಸೂಚನೆ ಮಂಗಳವಾರ, ಶುಕ್ರವಾರ ಬರುತ್ತದೆ. ಅದನ್ನು ನೋಡಿ ಮಾಳಿಗೆ ಬಿಚ್ಚಿ.

ಮಣ್ಣಿನ ಗೋಡೆ ಬಿರುಕಿಗೆ ಸಿಮೆಂಟ್ ಮೆತ್ತಬೇಡಿ. ಎರಡೂ ಒಂದಕ್ಕೊಂದು ಹಿಡಿಯೋದಿಲ್ಲ. ಹಸಿ ಹಿಂದೆ ಉಳಿದು ಮುಂದಿನ ವರ್ಷ ಹಲ್ಲೆ ಹಲ್ಲೆಯಾಗಿ ಉದುರುತ್ತದೆ. ಮಣ್ಣು, ಹೊಟ್ಟು, ಸಗಣಿ ಕಲಸಿ ಒಂದೆರಡು ದಿನ ನೆನೆಸಿ ಮೆತ್ತಿ, ಒಣಗಿದ ಮೇಲೆ ಸುಣ್ಣ ಹಚ್ಚಿದರೆ ಗೋಡೆ ಉಸಿರಾಡುತ್ತದೆ. ಎರಿ ಮಣ್ಣು ಆರಿದಂತೆ ಬುನಾದಿ ಪಕ್ಕದಲ್ಲಿ ಸೀಳು ಬಿಡುತ್ತದೆ. ಅದಕ್ಕೆ ಗರಸು ತುಂಬಿ, ಇಲ್ಲಾಂದ್ರೆ ಇಲಿಗೆ ದಾರಿ ಮಾಡಿಕೊಟ್ಟಂತೆ.

ಹೆಸರು ಮನೆಯಲ್ಲಿಟ್ಟವರು ಚೀಲಗಳನ್ನು ಗೋಡೆಯಿಂದ ಒಂದಡಿ ದೂರ, ಹಲಗೆಯ ಮೇಲೆ ಇಡ್ರಿ. ಹೆಸರಿನ ತೇವಾಂಶ ಶೇ 10ರೊಳಗೆ, ಜೋಳದ್ದು ಶೇ 12ರೊಳಗೆ ಇರಬೇಕು. ಹಲ್ಲಿಗೆ ಹಾಕಿದರೆ ಕಾಳು ಕಟ್ ಅಂತ ಒಡೆಯಬೇಕು. ಮೆತ್ತಗಿದ್ದರೆ ಇನ್ನೊಂದು ಬಿಸಿಲು ಕೊಡಿ.

ಕೊಟ್ಟಿಗೆಗೆ ಮೂಡಲ, ಬಡಗಣ ದಿಕ್ಕಿನಲ್ಲಿ ತಾಡಪತ್ರಿ ಇಲ್ಲವೇ ಗೋಣಿತಟ್ಟು ಕಟ್ಟಿ. ಮೇಲೆ ಒಂದಡಿ ತೆರೆದೇ ಇರಲಿ. ಪೂರ್ತಿ ಮುಚ್ಚಿದರೆ ಗಂಜಲದ ಘಾಟು ಒಳಗೇ ನಿಂತು ಕರುಗಳಿಗೆ ಕೆಮ್ಮು, ಪುಪ್ಪುಸದ ರೋಗ ಬರುತ್ತದೆ. ಕರು ಮಲಗೋ ಜಾಗಕ್ಕೆ ಒಣ ಹೊಟ್ಟು ಹರಡಿ, ತೊಯ್ದದ್ದನ್ನು ದಿನಾ ತೆಗೆಯಿರಿ.

ಇನ್ನು ಬೆಂಕಿ ವಿಚಾರ. ಇದನ್ನು ಮನೆಯ ಹಿರಿಯರಿಗೂ ಓದಿ ಹೇಳ್ರಿ. ಬಾಣಂತಿ ಕೋಣೆಯ ಕಿಟಕಿಗೆ ಬಟ್ಟೆ ತುರುಕಿ, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು ರಾತ್ರಿಯಿಡೀ ಕೆಂಡ ಕಾಯಿಸೋ ರೂಢಿ ನಮ್ಮಲ್ಲಿ ಇನ್ನೂ ಐತಿ. ಹೊಗೆ ಇಲ್ಲದ ಕೆಂಡದಿಂದ ಅಪಾಯ ಇಲ್ಲ ಅಂತ ತಿಳಿದಿರುತ್ತಾರೆ. ನಿಜವಾದ ಅಪಾಯ ಅಲ್ಲೇ ಇರೋದು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಎಚ್ಚರ ಇದ್ದವರಿಗೆ ತಲೆನೋವು, ವಾಂತಿ, ತಲೆಸುತ್ತು ಕಾಣಿಸುತ್ತದೆ. ನಿದ್ದೆಯಲ್ಲಿ ಇದ್ದವರು ಏಳದೇ ಹೋಗಬಹುದು. ಹಸುಗೂಸು ಬಾಯಿಬಿಟ್ಟು ಹೇಳೋದಿಲ್ಲ.

ಅವ್ವ, ಅತ್ತೆ ಜೊತೆ ಜಗಳ ತೆಗೀಬೇಡಿ, ಬೇರೆ ದಾರಿ ತೋರಿಸ್ರಿ. ಸಂಜೆ ಬಾಗಿಲು ತೆರೆದಿಟ್ಟು ಕೋಣೆ ಕಾಯಿಸಿ, ಮಲಗೋ ಮೊದಲು ಅಗ್ಗಿಷ್ಟಿಗೆ ಪೂರ್ತಿ ಹೊರಗೆ ಇಡಬೇಕು. ಹಾಸಿಗೆಯನ್ನು ಬಿಸಿನೀರಿನ ಚೀಲ ಇಟ್ಟು ಕಾಯಿಸಿ, ಕೂಸನ್ನು ಮಲಗಿಸೋ ಮೊದಲು ಚೀಲ ತೆಗೆಯಿರಿ. ಕೂಸಿಗೆ ಕುಂಚಿಗೆ, ಕಾಲುಚೀಲ ಹಾಕಿ, ತಾಯಿ ಎಚ್ಚರ ಇದ್ದಾಗ ಎದೆಗೆ ಅಪ್ಪಿಕೊಂಡರೆ ಅದಕ್ಕಿಂತ ಒಳ್ಳೆಯ ಕಾವಿಲ್ಲ. ಲೋಬಾನದ ಹೊಗೆ ಕೂಸಿನ ಪುಪ್ಪುಸಕ್ಕೆ ಒಳ್ಳೇದಲ್ಲ, ಹಾಕಲೇಬೇಕು ಅಂದರೆ ಬಾಗಿಲ ಹೊರಗೆ ಹಾಕಲಿ. ಬೆಳಿಗ್ಗೆ ಯಾರಾದರೂ ತಲೆ ಭಾರ ಅಂದರೆ, ತೊದಲಿದರೆ ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು, ಆಮೇಲೆ 108ಕ್ಕೆ ಫೋನ್ ಮಾಡ್ರಿ. ಕೋಣೆಯಲ್ಲಿ ಕೆಂಡ ಇತ್ತು ಅನ್ನೋದನ್ನು ಆಂಬುಲೆನ್ಸ್‌ನವರಿಗೆ ಮರೀದೇ ಹೇಳ್ರಿ.