ಫೈಲಿನ ಮೇಲಿನ ಮೊಹರು ಯಾವ ಹೊತ್ತಿನದು?

ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಕೇಳಿಬರುವ ಸಮಯಸೂಚನೆಗೆ ಕಿವಿಗೊಟ್ಟು, ಗೋಡೆ ಗಡಿಯಾರದ ಮುಳ್ಳನ್ನು ಸರಿಪಡಿಸುವುದು ರೇಡಿಯೋ ಇದ್ದ ಮನೆಗಳ ಹಳೆಯ ಅಭ್ಯಾಸ. ಮನೆಯಲ್ಲಿ ಎಷ್ಟು ಗಡಿಯಾರಗಳಿದ್ದರೂ ಕೊನೆಯ ಮಾತು ಒಂದರದೇ ಆಗಿರಬೇಕೆಂದು ನಾವು ಆಗ ಒಪ್ಪಿಕೊಂಡಂತಾಯಿತಷ್ಟೆ. ಹಲವು ಕಂಪ್ಯೂಟರುಗಳು ಒಂದೇ ಸರ್ವರಿನಲ್ಲಿ ಫೈಲುಗಳನ್ನಿಟ್ಟು ಕೆಲಸಮಾಡುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಫೈಲಿನ ಪಕ್ಕದಲ್ಲಿ “ಕೊನೆಯ ಬದಲಾವಣೆ” ಎಂದು ಕಾಣುವ ದಿನಾಂಕ, ವೇಳೆ ಯಾರ ಗಡಿಯಾರದವು? ಆ ಮೊಹರು ಬಿದ್ದುದು ನಾವು ಬರೆದಾಗಲೋ, ಆಮೇಲೋ?

ಹೊತ್ತಿನ ಬೆಲೆ ನಮ್ಮ ಜನರಿಗೆ ಹೊಸದಲ್ಲ. ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳನ್ನು ಮುಟ್ಟಿತು. ಸುಮಾರು 2 ಕೋಟಿ ದಾಖಲೆಗಳು ಅದರೊಳಗೆ ಸೇರಿದುವು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಎತ್ತಿಕೊಳ್ಳಬೇಕೆಂಬುದು ಅದರ ಒಂದು ಮುಖ್ಯ ನಿಯಮ. ಸರದಿ ಎಂದಮೇಲೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಸಾಕ್ಷಿ ಬೇಕು. ಅಂಥ ದೊಡ್ಡ ಯೋಜನೆಗಳಲ್ಲಿ ಆ ಸಾಕ್ಷಿಯನ್ನು ಬರೆದಿಡುವ ಏರ್ಪಾಟು ಬೇರೆಯೇ ಇರುತ್ತದೆ. ಆದರೆ ಸಣ್ಣ ಕಚೇರಿ, ಅಂಗಡಿ, ಮನೆಗಳಲ್ಲಿ ನಾವು ನಂಬಿಕೊಳ್ಳುವುದು ಫೈಲಿನ ಮೊಹರನ್ನೇ.

ಹೀಗೆಂದು ಭಾವಿಸಿಕೊಳ್ಳಿ. ಹೊಗೆಸೊಪ್ಪಿನ ಬೆಳೆಗಾರರ ಲೆಕ್ಕವಿಡುವ ಒಂದು ಸಂಘ. ಸರ್ವರ್ ಇರುವುದು ಹುಣಸೂರಿನಲ್ಲಿ. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಒಂದೊಂದು ಶಾಖೆ. ನಾಲ್ಕು ಕಡೆಯ ಗುಮಾಸ್ತರೂ ಹುಣಸೂರಿನ ಸರ್ವರಿನಲ್ಲಿರುವ ಲೆಕ್ಕದ ಫೈಲುಗಳಲ್ಲಿ ಬರೆಯುತ್ತಾರೆ. ಪಿರಿಯಾಪಟ್ಟಣದ ಗುಮಾಸ್ತರು ಬೆಳಿಗ್ಗೆ 10 ಗಂಟೆಗೆ ಒಂದು ಸಾಲು ಬರೆದರೆ ಏನಾಗುತ್ತದೆ?

ಅಂಚೆಯ ಕಾಗದವನ್ನು ನೆನೆದುಕೊಂಡರೆ ಉತ್ತರ ಸುಲಭ. ನೀವು ಪೆಟ್ಟಿಗೆಗೆ ಕಾಗದ ಹಾಕಿದ ಕ್ಷಣದಲ್ಲಿಯೇ ಅದರ ಮೇಲೆ ಮೊಹರು ಬೀಳುವುದಿಲ್ಲ. ಪೆಟ್ಟಿಗೆ ತೆಗೆದು, ಕಾಗದ ಅಂಚೆ ಕಚೇರಿಗೆ ಸೇರಿದಮೇಲೆ ಬೀಳುತ್ತದೆ. ಕಂಪ್ಯೂಟರೂ ಹಾಗೆಯೇ: ಬರೆದುದನ್ನು ಸ್ವಲ್ಪ ಹೊತ್ತು ತನ್ನ ನೆನಪಿನಲ್ಲಿಟ್ಟುಕೊಂಡು ಆಮೇಲೆ ಸರ್ವರಿಗೆ ಕಳುಹಿಸುವುದುಂಟು. ಸಾಮಾನ್ಯವಾಗಿ ಮೊಹರು ಒತ್ತುವುದು ಸರ್ವರು, ಅದೂ ತನ್ನ ಗಡಿಯಾರ ನೋಡಿ. ಹುಣಸೂರಿನ ಗಡಿಯಾರ 5 ನಿಮಿಷ ಹಿಂದಿದ್ದರೆ, 10ಕ್ಕೆ ಬರೆದುದು 9 ಗಂಟೆ 55 ನಿಮಿಷದ್ದಾಗಿ ಕಾಣುತ್ತದೆ.

ಇನ್ನು ಪದ್ಧತಿಗಳ ಭೇದ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಹೊರತಂದ ಎನ್‌ಎಫ್‌ಎಸ್ ಎಂಬ ಪದ್ಧತಿಯಲ್ಲಿ, ಫೈಲನ್ನು ಮುಚ್ಚುವಾಗ ಉಳಿದ ಬರಹವೆಲ್ಲ ಸರ್ವರಿಗೆ ಹೋಗಿ ಸೇರುತ್ತದೆ. ಆದರೆ ಪಕ್ಕದ ಊರಿನ ಕಂಪ್ಯೂಟರು ಫೈಲಿನ ವಿವರವನ್ನು ಪ್ರತಿ ಸಲವೂ ಕೇಳಲು ಹೋಗುವುದಿಲ್ಲ. ಹಿಂದೆ ಕೇಳಿದ್ದನ್ನೇ ನೆನಪಿನಿಂದ ತೋರಿಸುತ್ತದೆ. ಲಿನಕ್ಸ್‌ನಲ್ಲಿ ರೂಢಿಯ ಏರ್ಪಾಟಿನಂತೆ ಈ ನೆನಪಿನ ಆಯಸ್ಸು 3 ಸೆಕೆಂಡಿನಿಂದ 60 ಸೆಕೆಂಡು. ಆದ್ದರಿಂದ ಸರ್ವರಿನಲ್ಲಿ ಮೊಹರು ಹೊಸದಾಗಿದ್ದರೂ ಕೋಟೆಯ ಗುಮಾಸ್ತರಿಗೆ ಒಂದು ನಿಮಿಷ ಹಳೆಯದೇ ಕಂಡೀತು.

ವಿಂಡೋಸ್ ಪದ್ಧತಿಯ ಕಥೆ ಬೇರೆ. ಆಂಡ್ರ್ಯೂ ಟ್ರಿಡ್ಜೆಲ್ ಎಂಬವರು 1992ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಿಸಿದ ‘ಸಾಂಬಾ’ ಎಂಬ ತಂತ್ರಾಂಶ, ಇತರ ಯಂತ್ರಗಳೂ ವಿಂಡೋಸ್ ಸರ್ವರಿನಂತೆ ನಡೆದುಕೊಳ್ಳುವಂತೆ ಮಾಡುತ್ತದೆ. ಅದನ್ನು ಕಟ್ಟಿದವರು ವಿಂಡೋಸ್ ಸರ್ವರಿಗೆ ಬರೆದು, ಕಾದು, ಮತ್ತೆ ಬರೆದು, ಮೊಹರು ಯಾವಾಗ ಬದಲಾಗುತ್ತದೆಂದು ಪರೀಕ್ಷೆಗಳನ್ನೇ ರಚಿಸಿದರು. ಕಂಡುಬಂದುದು ಸ್ವಾರಸ್ಯವಾಗಿತ್ತು: ಮೊದಲ ಬರಹವಾದ ಸುಮಾರು 2 ಸೆಕೆಂಡಿನ ಮೇಲೆ ಮೊಹರು ಬೀಳುತ್ತದೆ, ಅನಂತರ ಅದೇ ತೆರೆದ ಫೈಲಿಗೆ ಎಷ್ಟೇ ಬರೆದರೂ, ಮುಚ್ಚುವವರೆಗೆ ಅದು ಕದಲುವುದಿಲ್ಲ. ಎಲ್ಲ ಆವೃತ್ತಿಗಳೂ ಹೀಗೆಯೇ ಎನ್ನುವಂತಿಲ್ಲ. ಅದಕ್ಕಾಗಿಯೇ ನಿಮ್ಮ ಸರ್ವರನ್ನು ನೀವೇ ಪರೀಕ್ಷಿಸಬೇಕು.

ಎರಡು ಸೆಕೆಂಡಿನಿಂದ ಮುಳುಗುವುದೇನು ಎಂದೀರಿ. ನಷ್ಟವಾಗುವುದು ರಾತ್ರಿಯ ನಕಲಿನಲ್ಲಿ. ಬಹಳಷ್ಟು ಬ್ಯಾಕಪ್ ಏರ್ಪಾಟುಗಳು, ಹಿಂದಿನ ನಕಲಾದಮೇಲೆ ಮೊಹರು ಬದಲಾದ ಫೈಲುಗಳನ್ನು ಮಾತ್ರ ಎತ್ತಿಕೊಳ್ಳುತ್ತವೆ. ಗುಮಾಸ್ತರು 9 ಗಂಟೆಗೆ ಫೈಲು ತೆರೆದು ಬರೆದರು. ಮಧ್ಯಾಹ್ನ 1 ಗಂಟೆಗೆ ನಕಲಾಯಿತು. 3 ಗಂಟೆಗೆ ಮತ್ತಷ್ಟು ಬೆಳೆಗಾರರ ಲೆಕ್ಕ ಬರೆದು, ಫೈಲನ್ನು ಮುಚ್ಚದೆ ಮನೆಗೆ ನಡೆದರು ಎನ್ನಿ. ಮೊಹರು ಇನ್ನೂ 9ರದೇ ಆಗಿದ್ದರೆ, ರಾತ್ರಿಯ ಬ್ಯಾಕಪ್ ಅದನ್ನು ಮುಟ್ಟದೆ ಮುಂದೆ ಹೋಗುತ್ತದೆ. ಆ ರಾತ್ರಿಯೇ ಡಿಸ್ಕು ಕೆಟ್ಟರೆ ಮಧ್ಯಾಹ್ನದ ಲೆಕ್ಕ ಎಲ್ಲಿಯೂ ಇಲ್ಲ.

ಪರೀಕ್ಷೆ ಕಷ್ಟವೇನಲ್ಲ. ಎರಡು ಕಂಪ್ಯೂಟರು, ಒಂದು ಖಾಲಿ ಫೈಲು, ಒಂದು ಕಾಗದ, ಪೆನ್ಸಿಲು ಸಾಕು. ಫೈಲನ್ನು ತೆರೆದೇ ಇಟ್ಟುಕೊಂಡು ಸಾಲುಸಾಲಾಗಿ ಸೇರಿಸುವ ತಂತ್ರಾಂಶವನ್ನು ಇದಕ್ಕೆ ಆರಿಸಿಕೊಳ್ಳಿ.

ಮೊದಲು ಮೂರೂ ಗಡಿಯಾರಗಳನ್ನು—ಎರಡು ಕಂಪ್ಯೂಟರಿನವು, ಒಂದು ಸರ್ವರಿನದು—ಹೋಲಿಸಿ ವ್ಯತ್ಯಾಸ ಬರೆದುಕೊಳ್ಳಿ. ಎರಡನೆಯದಾಗಿ, ಮೊದಲ ಕಂಪ್ಯೂಟರಿನಿಂದ ಒಂದು ಸಾಲು ಬರೆದು, ಫೈಲನ್ನು ಮುಚ್ಚದೆ, ಎರಡನೆಯದರಲ್ಲಿ 1, 3, 10, 60 ಸೆಕೆಂಡುಗಳಾದಮೇಲೆ ಮೊಹರನ್ನು ನೋಡಿ. ಸರ್ವರಿನ ಮುಂದೆಯೇ ಕುಳಿತು ನೋಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಮೊಹರು ಬಿದ್ದುದೇ ತಡವೋ, ನಮಗೆ ಕಂಡುದು ತಡವೋ ಎಂಬುದು ಆಗ ತಿಳಿಯುತ್ತದೆ. ಮೂರನೆಯದಾಗಿ, 10 ನಿಮಿಷ ಬಿಟ್ಟು ಇನ್ನೊಂದು ಸಾಲು ಬರೆದು ನೋಡಿ. ಮತ್ತೆ 10 ನಿಮಿಷ ಬಿಟ್ಟು ಮುಚ್ಚಿ ನೋಡಿ. ಕೊನೆಗೆ, ಹಳೆಯ ಫೈಲೊಂದನ್ನು ನಿಮ್ಮ ಕಂಪ್ಯೂಟರಿನಿಂದ ಸರ್ವರಿಗೆ ನಕಲುಮಾಡಿ ನೋಡಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಹಳೆಯ ದಿನಾಂಕವೇ ಅದರ ಜೊತೆಗೆ ಬರುತ್ತದೆ. ಇಂದು ಬಂದ ಫೈಲು ಹೋದ ವರ್ಷದ್ದಾಗಿ ಕುಳಿತರೆ, ಮೊಹರನ್ನಷ್ಟೇ ನೋಡುವ ಬ್ಯಾಕಪ್ಪಿಗೆ ಅದೂ ಕಾಣದೆ ಹೋದೀತು.

ಫಲ ತಿಳಿದಮೇಲೆ ಪರಿಹಾರ ಕಷ್ಟವಲ್ಲ. ಎಲ್ಲ ಯಂತ್ರಗಳೂ ಅಂತರಜಾಲದ ಮೂಲಕ ಒಂದೇ ಮೂಲದಿಂದ ಸಮಯ ಪಡೆಯುವಂತೆ ಏರ್ಪಡಿಸಿ; ಭಾರತದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಕೆಲಸ ಮುಗಿದೊಡನೆ ಫೈಲನ್ನು ಮುಚ್ಚುವ ಅಭ್ಯಾಸವಿರಲಿ. ಬ್ಯಾಕಪ್ಪಿಗೆ, ವಾರಕ್ಕೊಮ್ಮೆಯಾದರೂ, ಮೊಹರನ್ನು ನಂಬದೆ ಒಳಗಿನ ಬರಹವನ್ನೇ ಹೋಲಿಸಿ ನೋಡುವ ಕೆಲಸ ಒಪ್ಪಿಸಿ.

ಮಕ್ಕಳ ಭಾವಚಿತ್ರಗಳನ್ನೂ ಮನೆಯ ಲೆಕ್ಕವನ್ನೂ ಮನೆಯಲ್ಲಿಯೇ ಒಂದು ಸಣ್ಣ ಸರ್ವರಿನಲ್ಲಿ ಇಟ್ಟಿರುವವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಬರುವ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಈ ಪರೀಕ್ಷೆ ನಡೆಸಿ ನೋಡಿ. ನಿಮ್ಮ ಸರ್ವರು ಯಾವಾಗ ಮೊಹರೊತ್ತುತ್ತದೆಂದು ಬರೆದುಕೊಂಡ ಆ ಕಾಗದವನ್ನು ಯಂತ್ರದ ಪಕ್ಕದಲ್ಲಿಯೇ ಅಂಟಿಸಿಡಿ. ನಿಮ್ಮ ನಂತರ ಆ ಲೆಕ್ಕವನ್ನು ನೋಡಿಕೊಳ್ಳುವವರಿಗೂ ಅದು ಬೇಕಾದೀತು.